ಅತ್ತೆಯವರು ಕೂತಾಗ ಮಾತ್ರ ಒದರುವ ಚಕ್ರ

ನಮ್ಮ ಮನೆಯ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ, ಊದಿನಕಡ್ಡಿಯ ಪೊಟ್ಟಣ, ಎಣ್ಣೆಯ ಗಿಂಡಿ ಇವುಗಳ ನಡುವೆ ಒಂದು ಕಬ್ಬಿಣದ ಕೊಕ್ಕೆ ಇದೆ. ಗೇಣುದ್ದದ ಹಿಡಿಕೆ, ಅದರ ತುದಿಗೆ ಅರ್ಧಚಂದ್ರ, ಚಂದ್ರನ ಕೊನೆಗೆ ಒಂದೇ ಒಂದು ಹಲ್ಲು. ಪೂಜೆಗೆ ಬರುವ ಅಯ್ಯನವರು ಅದಕ್ಕೂ ಒಂದು ಹೂ ಏರಿಸಿ ಹೋಗುತ್ತಾರೆ. ಮನೆಗೆ ಬಂದ ನೆಂಟರೊಬ್ಬರು ಅದನ್ನು ಬಹಳ ಹೊತ್ತು ದಿಟ್ಟಿಸಿ, “ನಿಮ್ಮ ಹಿರ್ಯಾರು ಲಡಾಯಿಗೆ ಒಯ್ತಿದ್ದರೇನ್ರಿ ಇದನ್ನ?” ಎಂದು ದನಿ ತಗ್ಗಿಸಿ ಕೇಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಲಡಾಯಿ ಆದದ್ದು ಖರೆ. ಒಯ್ದವನು ನಾನು. ಎದುರಾಳಿ ನನ್ನ ಕಾರಿನ ಹಿಂದಿನ ಎಡ ಚಕ್ರ.

ಜಮಖಂಡಿಯಲ್ಲಿ ಹೈಸ್ಕೂಲಿನ ಭೂಗೋಳದ ಮಾಸ್ತರನಾಗಿ ನಿವೃತ್ತನಾದವನು ನಾನು. ಭೂಮಿ ತನ್ನ ಸುತ್ತ ತಾನು ಹೇಗೆ ತಿರುಗುತ್ತದೆ, ಹಾಗೆ ತಿರುಗುವಾಗ ಯಾಕೆ ಯಾವುದಕ್ಕೂ ತಾಗುವುದಿಲ್ಲ ಎಂಬುದನ್ನು ಒಂದು ತಲೆಮಾರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಅಂಥವನಿಗೆ ಒಂದು ಕಾರಿನ ನಾಲ್ಕು ಚಕ್ರಗಳು ದೊಡ್ಡ ಮಾತಾಗಬಾರದು ಎಂಬ ಧೈರ್ಯ ನನಗಿತ್ತು. ನಡೆದದ್ದೆಲ್ಲ ನಡೆದ ಮೇಲೂ ಆ ಧೈರ್ಯಕ್ಕೆ ಏನೂ ಊನವಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮುಧೋಳದಲ್ಲಿ ಆ ಕಾರನ್ನು ಮಾರಲು ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. “ಸರ್, ನೀವು ಕಲಿಸಿದ ಹುಡುಗ ನಾ. ನಿಮಗ ಸುಳ್ಳ ಹೇಳತೇನೇನ್ರಿ?” ಎಂದ. ಆ ಮಾತಿಗೇ ನಾನು ಎಚ್ಚರಾಗಬೇಕಿತ್ತು. ನಕಾಶೆಯಲ್ಲಿ ಘಟಪ್ರಭೆಯನ್ನು ನೇರವಾಗಿ ಅರಬ್ಬೀ ಸಮುದ್ರಕ್ಕೆ ಹರಿಸಿದ್ದ ಹುಡುಗ ಅವನು. ಕಾರು ಕೆಂಪು ಬಣ್ಣದ್ದು; ಇಲಿಯನ್ನು ಕಂಡ ಬೆಕ್ಕಿನ ಹಾಗೆ ನೆಲಕ್ಕೆ ಹೊಟ್ಟೆ ಹಚ್ಚಿ ಕೂತಿತ್ತು. ಟಾಯರುಗಳೋ, ಪಲ್ಯದ ತಟ್ಟೆಯಲ್ಲಿ ಹೋಳಿಗೆ ಇಟ್ಟಂತೆ ಅಂಚು ಮೀರಿ ಹೊರಗೆ ಇಣುಕುತ್ತಿದ್ದವು. “ಗಾಡಿ ರೋಡಿಗೆ ಅಂಟ್ಕೊಂಡ ಓಡತೈತ್ರಿ ಸರ್” ಎಂದ. ಅಂಟಿಕೊಂಡದ್ದು ಓಡುವುದು ಹೇಗೆ ಎಂದು ಕೇಳುವುದು ಮಾಸ್ತರನ ಧರ್ಮವಾಗಿತ್ತು. ಕೆಂಪು ಬಣ್ಣ ಚೆನ್ನಾಗಿತ್ತು, ಕೇಳಲಿಲ್ಲ. ಕೀಲಿಕೈಯ ಜೊತೆ ಅವನು ಈ ಕೊಕ್ಕೆಯನ್ನೂ ನನ್ನ ಕೈಗಿಟ್ಟು, “ಇದೂ ಇರ್ಲಿ ಸರ್, ಬೇಕಾಗತೈತಿ” ಎಂದ. ಅಂದು ಅವನ ಬಾಯಿಂದ ಬಂದ ಸಂಪೂರ್ಣ ಸತ್ಯವಾದ ಮಾತು ಅದೊಂದೇ.

ಮುಧೋಳದಿಂದ ಜಮಖಂಡಿಗೆ ನಾನೊಬ್ಬನೇ ಓಡಿಸಿಕೊಂಡು ಬಂದೆ. ಕಾರು ಸೊಲ್ಲೆತ್ತಲಿಲ್ಲ. ನನ್ನ ಹೆಂಡತಿ ಗಿರಿಜಾಳನ್ನು ಕೂರಿಸಿಕೊಂಡು ಪೇಟೆಗೆ ಹೋಗಿ ಬಂದೆ. ಆಗಲೂ ಇಲ್ಲ. ಇನ್ನೇನು, ಗುಣವಂತ ಕಾರು ಎಂಬ ತೀರ್ಮಾನಕ್ಕೆ ಬಂದು, ತೇರದಾಳದಲ್ಲಿದ್ದ ನಮ್ಮ ಅತ್ತೆ ನೀಲವ್ವನವರನ್ನು ಕರೆತರಲು ಹೊರಟೆವು.

ಅತ್ತೆಯವರನ್ನು ನೀವು ನೋಡಿಲ್ಲ. ಅವರು ಕಟ್ಟೆಯ ಮೇಲೆ ಕೂತರೆ ಮಿಕ್ಕವರು ನಿಂತೇ ಮಾತಾಡುತ್ತಾರೆ. ಮರ್ಯಾದೆಗೆ ಅಲ್ಲ, ಕಟ್ಟೆಯಲ್ಲಿ ಜಾಗ ಉಳಿಯುವುದಿಲ್ಲ. ಕಾರಿನಲ್ಲಿ ಅವರಿಗೆ ಹಿಂದಿನ ಎಡಗಡೆಯ ಕಿಟಕಿಯೇ ಬೇಕು, ಮಗ್ಗುಲಲ್ಲಿ ಬುತ್ತಿಯ ಗಂಟು. ಹಾಗೆ ವಿರಾಜಮಾನರಾಗಿ ಹೊರಟು ತೇರದಾಳದ ಬಸ್ ಸ್ಟ್ಯಾಂಡಿನ ಎದುರು ರಸ್ತೆಗೆ ಅಡ್ಡ ಎಬ್ಬಿಸಿದ ಹಂಪು ದಾಟಿದೆವೋ ಇಲ್ಲವೋ, ಹಿಂದಿನಿಂದ “ಕರ್ರ್” ಎಂದಿತು. ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು. ಮುಂದಿನ ಹಂಪಿಗೆ ಇನ್ನೂ ದೀರ್ಘವಾದ “ಕರ್ರ್ರ್”. ಬನಹಟ್ಟಿಯಲ್ಲಿ ಮಗ್ಗಗಳ ಖಟಪಟದಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ. ಅಲ್ಲಿಯೂ ನಮ್ಮ ಕಾರಿನ ದನಿ ಬೇರೆಯಾಗಿ ಕೇಳಿತು. ಆಟೊದವನೊಬ್ಬ ಸಮಕ್ಕೆ ಬಂದು, ಒಳಗೆ ಇಣುಕಿ, ಪರೋಪಕಾರದ ಮುಖ ಮಾಡಿ ಹೇಳಿದ: “ಸರ್, ಟಾಯರ್ ತಿಕ್ಕಾಕತ್ತೇತಿ. ಅಮ್ಮಾರನ್ನ ನಡುವ ಕುಂಡ್ರಸ್ರಿ.”

ಅಲ್ಲಿಂದ ಜಮಖಂಡಿಯವರೆಗೆ ಕಾರಿನಲ್ಲಿ ಮೌನ. ಅಷ್ಟು ಉದ್ದದ ಮೌನವನ್ನು ನಾನು ಅತ್ತೆಯವರಿಂದ ಅದುವರೆಗೆ ಕೇಳಿರಲಿಲ್ಲ. ಮನೆ ಮುಟ್ಟಿ, ಇಳಿದು, ಸೆರಗು ಸರಿಮಾಡಿಕೊಂಡು ವಿಚಾರಣೆ ಆರಂಭಿಸಿದರು.

“ಅಳಿಯಾರ, ನೀವಿಬ್ಬರ ಕುಂತಾಗ ಒದರತೈತೇನ್ರಿ ಇದು?”

“ಇಲ್ರಿ ಅತ್ತಿಯಾರ.”

“ಅಂದ್ರ ನಾ ಕುಂತಾಗಷ್ಟ ಒದರತೈತಿ.”

“ಹಂಗೇನಿಲ್ರಿ. ರಸ್ತಾ ಸರಿ ಇಲ್ಲ.”

“ಬಸ್ಸಿಗೂ ಅದ ರಸ್ತಾ. ಬಸ್ಸು ಮಂದಿ ಎದುರಿಗೆ ನನಗ ಎಂದೂ ಬೈದಿಲ್ಲ. ಇದು ಬಾಯಿ ಮುಚ್ಚೂತನಕಾ ನಾ ಇದರಾಗ ಕಾಲಿಡಾಂಗಿಲ್ಲ.”

ತಿರುಗಿ ಹೋಗುವಾಗ ಮೊಣಕಾಲು ಒತ್ತಿಕೊಳ್ಳುತ್ತ ಬಸ್ಸಿನಲ್ಲೇ ಹೋದರು. ಗಿರಿಜಾ ನನ್ನ ಕಡೆ ನೋಡಿದಳು. ಕಾರಿನ ಬದಲು ನಾನೇ ಕಿರುಚಿದ್ದೆನೇನೋ ಎನ್ನುವಂತೆ ನೋಡಿದಳು.

ಗಾಡಿಯ ಭಾರದ ಮಾತು ಬಂದಾಗಲೆಲ್ಲ ನನಗೆ ಅಪ್ಪನ ಚಕ್ಕಡಿ ನೆನಪಾಗುತ್ತದೆ. ಆಗ ಹಿಂದೆ ಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತಿತ್ತು. ಅಪ್ಪ ತಿರುಗಿ ನೋಡದೆಯೇ, “ಹಿಂದ ಭಾರ ಆತು, ಕಾಕಾ ಮುಂದ ಬಾ” ಎನ್ನುತ್ತಿದ್ದ. ಅಪ್ಪನ ದಢೂತಿ ಕಾಕಾ ನಮ್ಮನ್ನೆಲ್ಲ ತುಳಿಯುತ್ತ ಮುಂದೆ ಬಂದು ಕೂರುತ್ತಿದ್ದ, ನೊಗ ಇಳಿಯುತ್ತಿತ್ತು, ಕಾಕಾನ ಮುಖದಲ್ಲಿ ಊರು ಗೆದ್ದ ಕಳೆ. ಏರು ಬಂದರೆ ಕಾಕಾ ಮುಂದೆ, ಇಳಿಜಾರು ಬಂದರೆ ಕಾಕಾ ಹಿಂದೆ. ಕಾಕಾ ಇಲ್ಲದೆ ನಮ್ಮ ಚಕ್ಕಡಿ ಜಾತ್ರೆಗೂ ಹೋಗುತ್ತಿರಲಿಲ್ಲ, ಮದುವೆಗೂ ಹೋಗುತ್ತಿರಲಿಲ್ಲ. ಹುಡುಗರಾದ ನಮಗೆ ಅವನ ಮೇಲೆ ಹೊಟ್ಟೆಕಿಚ್ಚು. ನಾವು ಎಲ್ಲಿ ಕೂತರೂ ಎತ್ತುಗಳಿಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ! ಅಚ್ಚಿನ ಸದ್ದೂ ಆಗ ಅವಮಾನವಲ್ಲ. ನಮ್ಮ ಅಜ್ಜಿ ಪಡಸಾಲೆಯಲ್ಲಿ ಕೂತೇ, “ನಮ್ಮ ಚಕ್ಕಡಿ ಬಂತು, ಎಸರಿಡ್ರಿ” ಎನ್ನುತ್ತಿದ್ದಳು. ಒದರುವ ಗಾಡಿ ಬಂದರೆ ಅನ್ನ ಬೇಯುತ್ತಿದ್ದ ಕಾಲ ಅದು. ಕಾರು ಬಂದ ಮೇಲೆ ಭಾರವೆಂಬುದು ಬಾಯಿಬಿಟ್ಟು ಹೇಳಬಾರದ ವಿಷಯವಾಯಿತು.

ಇಷ್ಟಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಬೀಳಗಿಗೆ ಕೊಟ್ಟಿದ್ದ ನಮ್ಮ ಮಗಳು ಸವಿತಾಳ ಕುಬಸ ನಿಶ್ಚಯವಾಯಿತು. ಬಸುರಿಯ ಕುಬಸವೆಂದರೆ ಹಸಿರು ಸೀರೆ, ಹಸಿರು ಬಳೆಗಿಂತ ಮೊದಲು ಬುತ್ತಿ. ಬುತ್ತಿ ಎಂದರೆ ಅಜ್ಜಿಯ ಕೈಯದು. ಸವಿತಾ ಫೋನಿನಲ್ಲಿ, “ಅಪ್ಪಾ, ಅಜ್ಜಿ ಬಂದು ಬುತ್ತಿ ಬಿಚ್ಚೂತನಕಾ ನಾ ಮಣಿ ಮ್ಯಾಲೆ ಕುಂಡ್ರಂಗಿಲ್ಲ ನೋಡು” ಎಂದಳು. ಬಸ್ಸಿನಲ್ಲಿ ಬಂದರೆ ಬುತ್ತಿಯ ಗರಿಗರಿ ಖಟಿ ರೊಟ್ಟಿಯೆಲ್ಲ ಪುಡಿಯಾಗುತ್ತದೆ. ಬಾಡಿಗೆ ಕಾರು ಮಾಡೋಣವೆಂದರೆ ಅತ್ತೆಯವರು, “ಅಳಿಯಾನ ಮನ್ಯಾಗ ಕಾರ್ ಇದ್ದು ಬಾಡಗಿ ಗಾಡ್ಯಾಗ ಇಳದ್ರ ಬೀಗರು ಏನ ಅಂದಾರು?” ಎಂದರು. ಗಿರಿಜಾ ನನ್ನೆದುರು ಆಜ್ಞೆ ಹೊರಡಿಸಿದಳು: “ಅವ್ವ ಬರಬೇಕು. ಈ ಕಾರಿನ್ಯಾಗ ಬರಬೇಕು. ಕಾರು ಸುಮ್ಮನಿರಬೇಕು. ಏನ್ ಮಾಡತೀರೋ ಮಾಡ್ರಿ.”

ನಾನು ಕಾರನ್ನು ರಾಜಾಸಾಬನ ಗ್ಯಾರೇಜಿಗೆ ಒಯ್ದೆ. ರಾಜಾಸಾಬ ಎದುರಿನವರ ಮಾತನ್ನು ಪೂರ್ತಿ ಕೇಳಿದ ದಾಖಲೆ ಇಲ್ಲ. ಕಾರಿನ ಕೆಳಗೆ ತಲೆ ಹಾಕಿ, ಹೊರಗೆ ತೆಗೆದು, ತೀರ್ಪು ಕೊಟ್ಟ.

“ಮಾಸ್ತರ, ಇದು ಕಂಪನಿ ಸ್ಪ್ರಿಂಗ್ ಅಲ್ಲ. ಹೊರಗಿಂದ ತರಿಸಿ ಹಾಕ್ಯಾನ ಆ ಹುಡುಗ. ಗಾಡಿ ಇಳಿಸ್ಯಾನ, ಟಾಯರ್ ಅಗಲ ಹಾಕ್ಯಾನ. ಅಂಗಿ ಬಿಗಿ ಹೊಲಿಸಿ ಹೊಟ್ಟಿ ಬೆಳಿಸಿದಂಗ. ತಿಕ್ಕಲಾರದ ಏನ್ ಮಾಡತೈತಿ?”

“ಹಂಗಾರ ಏನ್ ಮಾಡೂದು?”

“ಸ್ಪ್ರಿಂಗಿನ ಕೆಳಗ ಕಬ್ಬಿಣದ ಬಳಿ ಐತಿ ನೋಡ್ರಿ. ಅದನ್ನ ಮ್ಯಾಲ ತಿರುವಿದ್ರ ಗಾಡಿ ಏಳತೈತಿ. ಆದ್ರ ಅದನ್ನ ತಿರುವು ಪಾನಾ ಈ ಊರಾಗ ಸಿಗಾಂಗಿಲ್ಲ.”

ನಾನು ಡಿಕ್ಕಿಯಿಂದ ಕೊಕ್ಕೆಯನ್ನು ತೆಗೆದು ಅವನ ಕೈಗಿಟ್ಟೆ. ನನ್ನ ಶಿಕ್ಷಕ ವೃತ್ತಿಯಲ್ಲೂ ಅಂಥ ಘನವಾದ ಕ್ಷಣಗಳು ಹೆಚ್ಚಿಲ್ಲ.

ಕೆಳಗಿನ ಬಿಗಿ ಬಳೆ ಸಡಿಲಿಸಿ, ಮೇಲಿನದನ್ನು ಒಂದಷ್ಟು ಏರಿಸಿ, ಮತ್ತೆ ಬಿಗಿಮಾಡಿ, ಇಬ್ಬರೂ ಕೂತು ಹಂಪಿನ ಮೇಲೆ ಓಡಿಸಿದೆವು. ಸದ್ದಿಲ್ಲ. “ಆತು ನೋಡ್ರಿ!” ಎಂದು ರಾಜಾಸಾಬ ಕೈ ಒರೆಸಿಕೊಂಡ. ನಾನೂ ಅಷ್ಟೇ ಹೆಮ್ಮೆಯಿಂದ ಮನೆಗೆ ಬಂದು ಸುದ್ದಿ ಹೇಳಿದೆ. ಗಿರಿಜಾ ಒಗ್ಗರಣೆಯಿಂದ ತಲೆ ಎತ್ತದೆ ಕೇಳಿದಳು: “ಮೊದಲೂ ನಾವಿಬ್ಬರ ಕುಂತಾಗ ಎಲ್ಲಿ ಒದರತಿತ್ತು?”

ಅದು ಹೌದಲ್ಲ! ಖಾಲಿ ಕಾರಿಗೆ ಔಷಧ ಹಾಕಿ, ಖಾಲಿ ಕಾರನ್ನೇ ಗುಣವಾಯಿತೇ ಎಂದು ಕೇಳಿ ಬಂದಿದ್ದೆವು. ರೋಗಿ ಕಾರಲ್ಲ, ಅತ್ತೆಯವರು ಕೂತ ಕಾರು. ಹಾಗಾದರೆ ಪರೀಕ್ಷೆಗೆ ಅತ್ತೆಯವರು ಬೇಕು. “ಅತ್ತಿಯಾರ, ನಿಮ್ಮ ಭಾರ ನೋಡಬೇಕಾಗೇತಿ, ಒಂಚೂರು ಬಂದು ಕುಂಡ್ರಿ” ಎಂದು ತೇರದಾಳಕ್ಕೆ ಫೋನು ಮಾಡುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಗ್ಯಾರೇಜಿನ ಮುಂದೆ ಸದಾ ಕೂತಿರುವ ಇಬ್ಬರನ್ನು ಹಿಂದೆ ಕೂರಿಸಿ ನೋಡಿದೆವು. ಒಬ್ಬ ಕಾರನ್ನು ಮಾರಿಬಿಡಿ ಎಂದ, ಇನ್ನೊಬ್ಬ ತನ್ನ ಸೋದರಮಾವನ ಕಾರಿನ ಚರಿತ್ರೆ ಹೇಳಿದ, ಹಂಪು ಬಂದಾಗ ಇಬ್ಬರೂ ಏನೂ ಗೊತ್ತಾಗದ ಹಾಗೆ ಕುಂಡೆ ಎತ್ತಿ ಹಗುರಾದರು. ನಮಗೆ ಬೇಕಾದದ್ದು ಭಾರವಿರುವ, ಅಭಿಪ್ರಾಯವಿಲ್ಲದ ವಸ್ತು.

ಉಪಾಯ ಹೊಳೆದದ್ದು ನನಗೇ. ರನ್ನ ಬೆಳಗಲಿಯ ನನ್ನ ಗೆಳೆಯ ಬಾಳಪ್ಪನದು ಬೆಲ್ಲದ ಗಾಣ. ಬಕೀಟಿನ ಆಕಾರದ ಬೆಲ್ಲದ ಪೆಂಟಿಗಳನ್ನು ಅವನು ಗೋಡೆಯ ಹಾಗೆ ಒಟ್ಟಿರುತ್ತಾನೆ. ಒಂದೊಂದು ಪೆಂಟಿಯ ತೂಕ ಕಣ್ಣು ಮುಚ್ಚಿ ಹೇಳಬಹುದು. ಅವನ ಗಾಣದ ಮುಂದೆ ನಿಂತು ನಾನು ಅತ್ತೆಯವರನ್ನು ಮನಸ್ಸಿನಲ್ಲಿ ತಂದುಕೊಂಡೆ. ಕಟ್ಟೆಯ ಮೇಲೆ ಕೂತಂತೆ, ಕಾರಿನಿಂದ ಇಳಿಯುವಂತೆ, ನನ್ನನ್ನು ಗದರುವಂತೆ ಎಲ್ಲ ಕೋನಗಳಿಂದ ಅಂದಾಜು ಮಾಡಿ, ಪೆಂಟಿ ಒಂದೊಂದಾಗಿ ಎತ್ತಿಸಿದೆ. ಬಾಳಪ್ಪ, “ಸಾಕೇನೋ?” ಎಂದ. “ಇನ್ನೊಂದ್ ಇಡು” ಎಂದೆ. “ಯಾರಿಗೆ ಇದೆಲ್ಲಾ?” ಎಂದ. ಹಳೆಯ ಗೆಳೆಯ, ನಿಜ ಹೇಳಿದೆ. ಅವನು ನಗುತ್ತ ಗಾಣದ ಕಟ್ಟೆಯ ಮೇಲೆ ಕೂತುಬಿಟ್ಟ.

ಬೆಲ್ಲವನ್ನು ಹಿಂದಿನ ಎಡಗಡೆಯ ಸೀಟಿನಲ್ಲಿ ಗೋಣಿ ಹಾಸಿ ಕೂರಿಸಿದೆವು. ಇನ್ನು ಟಾಯರು ಎಲ್ಲಿ ತಾಗುತ್ತದೆಂದು ಗುರುತು ಹಿಡಿಯಲು ಏನಾದರೂ ಹಚ್ಚಬೇಕಲ್ಲ. ರಾಜಾಸಾಬ ಸೀಮೆಸುಣ್ಣ ಹುಡುಕಿದ. ಮಾಸ್ತರಿಕೆ ಮುಗಿದ ಮೇಲೆ ನನ್ನ ಕಿಸೆಯಲ್ಲಿ ಸೀಮೆಸುಣ್ಣ ಇರುವುದಿಲ್ಲ. ವಿಭೂತಿ ಗಟ್ಟಿ ಇರುತ್ತದೆ. ಅದನ್ನೇ ನೆನೆಸಿ ಚಕ್ರದ ಮೇಲಿನ ಮಡ್‌ಗಾರ್ಡಿನ ಒಳ ಅಂಚಿಗೆ ಬೆರಳಿನಿಂದ ಎಳೆದೆ. ಒಂದು ಸುತ್ತು ಹಾಕಿ ಬಂದು ಬಗ್ಗಿ ನೋಡಿದರೆ ವಿಭೂತಿಯೆಲ್ಲ ಟಾಯರಿನ ಮೇಲೆ. “ಮಾಸ್ತರ, ನಿಮ್ಮ ಟಾಯರ್ ದೀಕ್ಷಾ ತಗೊಂಡೈತಿ” ಎಂದು ರಾಜಾಸಾಬ ಗಂಭೀರನಾಗಿ ಹೇಳಿದ.

ಮತ್ತೆ ಜಾಕು, ಮತ್ತೆ ಕೊಕ್ಕೆ, ಬಳೆಗೆ ಇನ್ನೊಂದಿಷ್ಟು ತಿರುವು. ಎಡಕ್ಕೆ ಮಾತ್ರ ಏರಿಸಿದರೆ ಕಾರು ಒಂದು ಕಿವಿ ಮಂದವಾದವರ ಹಾಗೆ ಬಲಕ್ಕೆ ವಾಲುತ್ತದೆಂದು ಎರಡೂ ಬದಿಗೆ ಸಮನಾಗಿ ಏರಿಸಿದೆವು. ತಿರುವುವುದು, ವಿಭೂತಿ ಹಚ್ಚುವುದು, ಓಡಿಸುವುದು, ಬಗ್ಗುವುದು. ಕೊನೆಗೊಮ್ಮೆ ಬಗ್ಗಿ ನೋಡಿದಾಗ ಮಡ್‌ಗಾರ್ಡಿನ ವಿಭೂತಿ ಮಡ್‌ಗಾರ್ಡಿನಲ್ಲೇ ಇತ್ತು. ಅತ್ತೆಯವರ ಸರಿಸಮ ಬೆಲ್ಲ ಕೂತಿತ್ತು, ಕಾರು ಸುಮ್ಮನಿತ್ತು. ಬೆಲ್ಲವನ್ನು ಹಿಂದಕ್ಕೆ ಮುಟ್ಟಿಸಬೇಕು, ಕುಬಸ ಮುಗಿದ ಮೇಲೆ ಹೋದರಾಯಿತೆಂದು ಪೆಂಟಿಗಳನ್ನು ಡಿಕ್ಕಿಗೆ ಸರಿಸಿದೆ. ಬಾಳಪ್ಪನ ಹೆಂಡತಿಯ ತವರು ತೇರದಾಳ ಎಂಬ ಭೌಗೋಳಿಕ ಸತ್ಯ, ಭೂಗೋಳದ ಮಾಸ್ತರನಿಗೆ, ಆಗ ನೆನಪಾಗಲಿಲ್ಲ.

ಕುಬಸದ ದಿನ ಬೆಳಿಗ್ಗೆ ನಾನು, ಗಿರಿಜಾ ತೇರದಾಳಕ್ಕೆ ಹೋದೆವು. ಅತ್ತೆಯವರು ಇಳಕಲ್ ಸೀರೆಯುಟ್ಟು, ಬುತ್ತಿ ಕಟ್ಟಿಸಿ, ಕಟ್ಟೆಯ ಮೇಲೆ ಸಿದ್ಧರಾಗಿದ್ದರು. ಓಣಿಯ ಹೆಣ್ಣುಮಕ್ಕಳೂ ನೆರೆದಿದ್ದರು. ನನಗೆ ಚಹಾ ಬಂತು. ಚಹಾದಲ್ಲಿ ಬೆಲ್ಲ ಹೆಚ್ಚಿತ್ತು.

“ಅಳಿಯಾರ,” ಎಂದರು ಅತ್ತೆಯವರು, “ನನ್ನ ಲೆಕ್ಕಕ್ಕ ಎಷ್ಟ ಪೆಂಟಿ ಇಟ್ರಿ?”

ಚಹಾದ ಬಟ್ಟಲು ಕೆಳಗಿಟ್ಟೆ. ಕಡಿಮೆ ಹೇಳಿದರೆ ಸುಳ್ಳು. ಇದ್ದದ್ದು ಹೇಳಿದರೆ ಓಣಿಯೆದುರು ಅವಮಾನ. ಬಸ್ ಸ್ಟ್ಯಾಂಡಿನಲ್ಲಿ ಆದದ್ದು ಮತ್ತೆ, ಈ ಸಲ ನನ್ನದೇ ಬಾಯಿಂದ. ಅವರು ಒಮ್ಮೆ ಮುಖ ತಿರುಗಿಸಿದರೆ ಬೀಳಗಿಯಲ್ಲಿ ಮಗಳು ಮಣೆ ಹತ್ತುವುದಿಲ್ಲ.

“ಅದು... ಬುತ್ತಿ ಲೆಕ್ಕಕ್ಕ ಇಟ್ಟಿದ್ದು, ಅತ್ತಿಯಾರ” ಎಂದೆ.

“ಹೌದಾ? ಡಿಕ್ಕಿ ತಗೀರಿ.”

ತೆಗೆದೆ. ಅತ್ತೆಯವರು ಎದ್ದು ಬಂದು ಪೆಂಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಗಿರಿಜಾ ನನ್ನನ್ನು ನೋಡದೆ ಆಕಾಶ ನೋಡಿದಳು. ಪೂರ್ತಿ ಎಣಿಸಿ ಆದ ಮೇಲೆ ಅವರು ಹೆಣ್ಣುಮಕ್ಕಳ ಕಡೆ ತಿರುಗಿದರು.

“ನೋಡ್ರೆವಾ, ನನ್ನ ಅಳಿಯ ನನಗ ಬೆಲ್ಲದ ತುಲಾಭಾರ ಮಾಡ್ಯಾನ. ಮಠದಾಗ ಮಂದಿ ಒಂದ್ ತಕ್ಕಡಿ ತರ್ತಾರ, ಇಂವ ಕಾರ ತಂದಾನ.” ಆಮೇಲೆ ನನಗೆ: “ತೂಗಿದ ಬೆಲ್ಲ ತಿರುಗಿ ಒಯ್ಯಾಂಗಿಲ್ಲ ಅಳಿಯಾರ. ಮೊಮ್ಮಗಳ ಕುಬಸಕ್ಕ ಇದರದ ಹುಗ್ಗಿ ಆಗ್ಲಿ. ಹೊರಡ್ರಿ.”

ಬಾಳಪ್ಪನಿಗೆ ಫೋನು ಹಚ್ಚಿದೆ. “ಅಮ್ಮಾರ ತೂಕದ ಬೆಲ್ಲ ತಿರುಗಿ ಇಸ್ಕೊಂಡ್ರ ನನ್ನ ಗಾಣ ಉಳದೀತೇನಲೇ? ಒಯ್ಯಿ!” ಎಂದ. ನನ್ನ ಮರ್ಯಾದೆ ಉಳಿಯಿತು ಎಂದು ಉಸಿರುಬಿಟ್ಟೆ. ಡಿಕ್ಕಿ ಮುಚ್ಚಲು ಹೋದಾಗ ಲೆಕ್ಕ ಹೊಳೆಯಿತು. ನಾನು ಬಳೆ ತಿರುವಿ ಕಾರನ್ನು ಹೊಂದಿಸಿದ್ದು ಒಬ್ಬ ಅತ್ತೆಯವರಿಗೆ. ಈಗ ಸೀಟಿನಲ್ಲಿ ಅತ್ತೆಯವರು, ಡಿಕ್ಕಿಯಲ್ಲಿ ಅವರ ಸರಿಸಮ ಬೆಲ್ಲ. ಕಾರಿನ ಪಾಲಿಗೆ ಇಬ್ಬರು ನೀಲವ್ವನವರು.

ರಾಜಾಸಾಬ ಜಮಖಂಡಿಯಲ್ಲಿ. ಮೊದಲ ಹಂಪು ಬಸ್ ಸ್ಟ್ಯಾಂಡಿನ ಎದುರು. ನಾನು ಅಂಗಿಯ ತೋಳು ಮಡಚಿದೆ, ಧೋತರ ಎತ್ತಿ ಕಟ್ಟಿದೆ, ಜಾಕು ಹಚ್ಚಿದೆ, ಚಕ್ರ ಬಿಚ್ಚಿದೆ, ಕೊಕ್ಕೆ ಹಿಡಿದು ಕಾರಿನ ಪಕ್ಕದಲ್ಲಿ ಓಣಿಯ ಸಮಸ್ತ ಹೆಣ್ಣುಮಕ್ಕಳ ಎದುರು ಮಣ್ಣಿನಲ್ಲಿ ಕೂತೆ.

“ಏನಾತ್ರಿ ಅಳಿಯಾರ?”

“ಏನಿಲ್ರಿ. ಹುಗ್ಗಿಗೆ ಜಾಗಾ ಮಾಡಾಕತ್ತೇನಿ.”

ಒಬ್ಬಳು ಮುದುಕಿ, “ಮಾಸ್ತರ ಅಂದ್ರ ಹಿಂಗಿರಬೇಕು ನೋಡವಾ, ಎಲ್ಲಾ ಬರತೈತಿ” ಎಂದಳು. ನಾನು ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಲಿಲ್ಲ. ಎರಡೂ ಬದಿಯ ಬಳೆಗಳನ್ನು ಏರಿಸಿದೆ. ಎಷ್ಟು ಏರಿಸಬೇಕೆಂಬ ಲೆಕ್ಕ ಸರಳವಾಗಿತ್ತು: ಮೊದಲು ಏರಿಸಿದಷ್ಟೇ ಮತ್ತೊಮ್ಮೆ. ಬಿಗಿಮಾಡಿ, ಚಕ್ರ ಕೂಡಿಸಿ, ಮಡ್‌ಗಾರ್ಡಿನ ಅಂಚಿಗೆ ಹೊಸದಾಗಿ ವಿಭೂತಿ ಎಳೆದೆ. ಅತ್ತೆಯವರು ಅದನ್ನು ನೋಡಿ ತಾವೂ ಹಣೆ ಮುಟ್ಟಿಕೊಂಡರು. ಆಮೇಲೆ ಹಿಂದಿನ ಎಡಗಡೆಯ ಬಾಗಿಲು ತೆಗೆದು, ಪ್ರತಿಜ್ಞೆ ಮುರಿದು, ಕಾಲಿಟ್ಟರು. ಕಾರು ಇಳಿಯಿತು. ಇಳಿದು ನಿಂತಿತು.

ಬಸ್ ಸ್ಟ್ಯಾಂಡಿನ ಹಂಪು ಬಂತು. ಗಿರಿಜಾ ಕಣ್ಣು ಮುಚ್ಚಿಕೊಂಡಳು. ಮುಂದಿನ ಚಕ್ರ ಏರಿ ಇಳಿಯಿತು. ಹಿಂದಿನದು ಏರಿತು. ಇಳಿಯಿತು.

ಏನೂ ಇಲ್ಲ.

ರಬಕವಿ, ಬನಹಟ್ಟಿ ದಾಟಿದೆವು. ಮಗ್ಗಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಜಮಖಂಡಿಯ ಗ್ಯಾರೇಜಿನ ಮುಂದೆ ನಿಧಾನ ಮಾಡಿದಾಗ ರಾಜಾಸಾಬ ಬಗ್ಗಿ ಚಕ್ರ ನೋಡಿ, ಡಿಕ್ಕಿ ನೋಡಿ, ಹಿಂದಿನ ಸೀಟು ನೋಡಿ, ಬೆರಳು ಹಣೆಗೆ ತಾಗಿಸಿ ಸಲಾಮು ಮಾಡಿದ. ಅದು ನನಗೆ ಎಂದೇ ತಿಳಿದುಕೊಂಡಿದ್ದೇನೆ. ಅಲೈನ್‌ಮೆಂಟ್ ಮಾಡಿಸಿಕೊಳ್ಳಲು ನಾಳೆ ಬನ್ನಿ ಎಂದು ಕೂಗಿದ. ನಾಳೆಯ ಮಾತು ಯಾರಿಗೆ ಬೇಕಿತ್ತು!

ಬೀಳಗಿಯಲ್ಲಿ ಬೀಗರ ಮನೆಯ ಮುಂದೆ ಮೋರಿಗೆ ಅಡ್ಡಲಾಗಿ ಹಾಸಿದ ಕಲ್ಲು ಇದೆ. ಯಾವ ಹಂಪಿಗೂ ಕಡಿಮೆಯದಲ್ಲ. ಬೀಗರು ಸಪರಿವಾರವಾಗಿ ಅದರಾಚೆ ನಿಂತಿದ್ದರು. ಸವಿತಾ ಹಸಿರು ಸೀರೆಯಲ್ಲಿ ಬಾಗಿಲಿಗೆ ಬಂದಿದ್ದಳು. ಆ ಕಲ್ಲನ್ನೂ ಕಾರು ಸಭೆಯಲ್ಲಿ ಕೂತ ಹಿರಿಯರ ಹಾಗೆ ಗಂಭೀರವಾಗಿ ಏರಿ ಇಳಿಯಿತು. ಗಿರಿಜಾ ಇಳಿದವಳೇ ಬಗ್ಗಿ ಮಡ್‌ಗಾರ್ಡಿನ ಅಂಚು ನೋಡಿದಳು. ವಿಭೂತಿ ಎಳೆದಲ್ಲೇ ಇತ್ತು. ಮದುವೆಯಾದಂದಿನಿಂದ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

“ನೋಡ್ರಿ ಬೀಗತ್ಯಾರ,” ಎಂದರು ಅತ್ತೆಯವರು ಇಳಿಯುತ್ತ, “ನಾ, ನನ್ನ ಬುತ್ತಿ, ನನ್ನ ತೂಕದ ಬೆಲ್ಲ. ಗಾಡಿ ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ.”

ಬುತ್ತಿ ಬಿಚ್ಚಿದರು. ರೊಟ್ಟಿಗಳು ಇಡಿಯಾಗಿದ್ದವು. ಸವಿತಾ ಮಣೆ ಹತ್ತಿದಳು. ಹುಗ್ಗಿಯನ್ನು ಬೀಗರ ಓಣಿಯೆಲ್ಲ ಉಂಡಿತು. ಉಳಿದದ್ದನ್ನು ಅತ್ತೆಯವರು ನನ್ನ ಎಲೆಗೇ ಬಡಿಸಿ, “ಉಣ್ರಿ, ನೀವ ತೂಗಿದ್ದು” ಎಂದರು.

ತಿರುಗಿ ಬರುವಾಗ ಬೆಲ್ಲವೂ ಇಲ್ಲ, ಬುತ್ತಿಯೂ ಇಲ್ಲ. ಕಾರು ಹಿಂದೆ ಎದ್ದು ಒಂಟೆಯ ಹಾಗೆ ನಿಂತಿತ್ತು. ಅದನ್ನು ಇಳಿಸಬೇಕೆಂದು ರಾಜಾಸಾಬ ಇವತ್ತಿಗೂ ಹೇಳುತ್ತಾನೆ. ನಾನು ಇಳಿಸಿಲ್ಲ. ಅತ್ತೆಯವರು ಈಗ ಎಲ್ಲಿಗೆ ಹೋಗಬೇಕಾದರೂ ಇದೇ ಕಾರು ಕೇಳುತ್ತಾರೆ, ಕೆಲಸವಿಲ್ಲದಿದ್ದರೂ ಕೇಳುತ್ತಾರೆ. ಕೊಕ್ಕೆಯನ್ನು ಗಿರಿಜಾ ಡಿಕ್ಕಿಯಿಂದ ತೆಗೆದು ದೇವರ ಗೂಡಿಗೆ ಇಟ್ಟದ್ದು ಆಗಲೇ.

ಕುಬಸದ ಆ ಸಂಜೆ ತೇರದಾಳದಲ್ಲಿ ಇಳಿದಾಗ ಅತ್ತೆಯವರು ಕಾರಿನ ಹಿಂದಿನ ಎಡ ಮಗ್ಗುಲಿಗೆ ಬಂದು ನಿಂತರು. ನಾನು ಬಾಗಿಲು ಹಾಕಲು ಅಲ್ಲೇ ಪಕ್ಕದಲ್ಲಿ ಬಗ್ಗಿದ್ದೆ. ಅವರು ಚಕ್ರದ ಮೇಲಿನ ಮಡ್‌ಗಾರ್ಡನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

“ತಿಳೀತಿಲ್ಲೋ ಈಗ? ದೊಡ್ಡವರು ಕುಂತಾಗ ಸುಮ್ಮನಿರಬೇಕು.”

ಚಕ್ರ ಸುಮ್ಮನಿತ್ತು. ನಾನೂ ಸುಮ್ಮನಿದ್ದೆ.